ಕೆಂಪುಗಡ್ಡದವನ ಕಾವಲು

ಅಲೆ ಎದ್ದು, ಹಡಗು ಬಾರದೆ ಕಡಲು ಮುಚ್ಚಿರುವ ನಾಲ್ಕು ತಿಂಗಳು ನಮ್ಮ ಊರು ಬಂದರ್ ಮೈದಿಯಲ್ಲಿ ಯಾರಿಗೂ ಒಂದು ಕಡೆ ಕೂರಲು ಆಗುವುದಿಲ್ಲ. ಗುಡ್ಡದ ಕಡೆಯಿಂದ ಬೀಸುವ ಬಿಸಿಗಾಳಿ ಮರಳು ತಂದು ಸುರಿಯುತ್ತದೆ. ಅನ್ನದಲ್ಲಿ ಮರಳು, ಚಾಪೆಯಲ್ಲಿ ಮರಳು, ಮಗಳ ಕಿವಿಯಲ್ಲಿ ಮರಳು. ಗಂಡಸರು ಹೊಸ್ತಿಲಲ್ಲಿ ನಿಂತು ಅಲೆ ನೋಡಿ ಒಳಗೆ ಬರುತ್ತಾರೆ, ಕೂರುವ ಮೊದಲೇ ಎದ್ದು ಮತ್ತೆ ಹೋಗಿ ನಿಲ್ಲುತ್ತಾರೆ. ಗಾಳಿ ಇಳಿದು ಕಡಲು ತೆರೆದರೆ ಮೊದಲು ಬರುವುದು ಇಟಲಿಯವರ ಹಡಗು. ನಮ್ಮ ಸುಲ್ತಾನರಿಗೆ ಅವರು ವರ್ಷವರ್ಷ ಕೊಡುವ ಅಕ್ಕಿ, ಬಟ್ಟೆ, ಕಾಫಿ ಬೀಜ ಅದರಲ್ಲಿರುತ್ತಿತ್ತು. ಊರಿಗೂ ಒಂದು ಪಾಲು ಸಿಗುತ್ತಿತ್ತು.

ಆ ವರ್ಷ, ಅವರ ಲೆಕ್ಕದಲ್ಲಿ ಸಾವಿರದ ಒಂಬೈನೂರ ಇಪ್ಪತ್ತೈದು, ಕಡಲು ತೆರೆಯಿತು. ಅಕ್ಕಿ ಬರಲಿಲ್ಲ. ಕಾಗದ ಬಂತು. ಸುಲ್ತಾನರ ಜನರೆಲ್ಲ ತಮ್ಮ ಬಂದೂಕುಗಳನ್ನು ತಂದು ಒಪ್ಪಿಸಬೇಕು ಎಂದು ಅದರಲ್ಲಿ ಬರೆದಿತ್ತು.

ಕಾಗದದ ಸುದ್ದಿ ಲೋಬಾನದ ಮಂಡಿಗೆ ಬಂದಾಗ ನಾನು ಬರ್ನಿಯ ಎದುರು ಕೂತು ಅಂಟು ಆರಿಸುತ್ತಿದ್ದೆ. ಬೆಳ್ಳಗಿನ ದೊಡ್ಡ ಹರಳು ಒಂದು ಕಡೆ, ಹಳದಿಯದು ಇನ್ನೊಂದು ಕಡೆ, ತೊಗಟೆ ಹತ್ತಿದ ಪುಡಿ ಮಡಿಲಿಗೆ. ಬರ್ನಿಯೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಮಂಡಿಯಲ್ಲಿ ಹದಿನಾಲ್ಕು ವರ್ಷದಿಂದ ಒಂದೇ ಚಾಪೆ.

"ಕೇಳಿದ್ಯೇನೇ ಬೈದನ್?" ಎಂದಳು ಬರ್ನಿ. "ನಮ್ಮ ಕಾವಲಲ್ಲಿ ಇರೋರು ನಮ್ಮ ಬಂದೂಕು ಕೇಳ್ತಾರಂತೆ! ಬಂದೂಕು ಕೊಟ್ಟು ಅವರನ್ನ ಹೆಂಗೆ ಕಾಯೋದಂತೆ, ಪೊರಕೆ ಹಿಡ್ಕೊಂಡಾ?"

ಮಂಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಆ ನಗುವಿನ ಅರ್ಥ ಹೇಳಬೇಕು. ನಮ್ಮ ಸುಲ್ತಾನರ ಅಜ್ಜ ಮೊದಲಿಗೆ ಮೂರು ಬಾವಿ, ಒಂದಿಷ್ಟು ಒಂಟೆಗಳ ಯಜಮಾನ, ಅಷ್ಟೆ. ನಮ್ಮ ಕರಾವಳಿಯ ಚೂಪು ಬಂಡೆಗಳಿಗೆ ಬಡಿದು ಪರದೇಶದ ಹಡಗುಗಳು ಒಡೆಯುತ್ತಿದ್ದವು. ಬೇರೆ ಯಜಮಾನರು ತೇಲಿಬಂದ ಸಾಮಾನಿಗೆ ಕಿತ್ತಾಡುವಾಗ ಆತ ಒಂದು ಮಾತು ಹೇಳಿದನಂತೆ: "ಜೀವ ಇಟ್ಟುಕೊಂಡು ದಡ ಹತ್ತಿದವನು ನನ್ನ ಕಾವಲಿನಲ್ಲಿದ್ದಾನೆ. ಅವನನ್ನು ಮುಟ್ಟಿದರೆ ನನ್ನನ್ನು ಮುಟ್ಟಿದ ಹಾಗೆ." ಆ ಮಾತು ಕಡಲಾಚೆಗೂ ಹೋಯಿತು. ಪರದೇಶದವರು ಕಾಣಿಕೆ ಕಳಿಸಿದರು. ಅರಬ್ಬರ ಹಾಯಿಹಡಗುಗಳು ನಂಬಿ ಬಂದವು. ಕಾಣಿಕೆಯಿಂದ ಬಂದೂಕು ಬಂತು, ಬಂದೂಕಿನಿಂದ ಕಲ್ಲಿನ ಕೋಟೆ, ಕೋಟೆಯಿಂದ ಬಾವುಟ. ಮೂರು ಬಾವಿಯ ಯಜಮಾನ ಸುಲ್ತಾನನಾದ. ಇಟಲಿಯವರು ಬಂದಾಗಲೂ ಹಾಗೇ ಆಯಿತು. ಅವರು ಕಾಗದ ತಂದರು, ವರ್ಷವರ್ಷ ಕಾಣಿಕೆ ಕೊಡುತ್ತೇವೆ ಎಂದರು. ನಮ್ಮಲ್ಲಿ ಕಾಣಿಕೆ ಕೊಡುವವನು ಕಾವಲಿನಲ್ಲಿರುವವನು, ಕಾಣಿಕೆ ಪಡೆಯುವವನು ಕಾಯುವವನು. ಇದನ್ನು ಹಾಲುಹಲ್ಲಿನ ಮಕ್ಕಳೂ ಬಲ್ಲರು. ಅವರ ಕಾಗದದಲ್ಲಿ ಇದು ತಿರುವುಮುರುವಾಗಿ, ನಾವೇ ಅವರ ಕಾವಲಿನಲ್ಲಿದ್ದೇವೆ ಎಂದು ಬರೆದಿತ್ತಂತೆ. ಅದು ನಮಗೆ ಗೊತ್ತಾಗಲು ಮೂವತ್ತಾರು ವರ್ಷ ಬೇಕಾಯಿತು.

ಸುಲ್ತಾನರು ರಾಜ್ಯಕ್ಕೆ ಕಾವಲು. ಹಾಗೆಯೇ ಊರಿಗೆ ಬರುವ ಒಬ್ಬೊಬ್ಬ ಪರದೇಶಿಗೂ ಒಂದೊಂದು ಮನೆ ಕಾವಲು. ಆ ಮನೆಯ ಯಜಮಾನನನ್ನು ಅಬ್ಬಾನ್ ಎನ್ನುತ್ತೇವೆ. ನನ್ನ ಗಂಡ ಸಮತರ್ ಅಬ್ಬಾನ್. ಅವನ ಅಪ್ಪನೂ ಅಬ್ಬಾನ್ ಆಗಿದ್ದವನು. ನಮ್ಮ ಮಾಳಿಗೆಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇಟಲಿಯವರ ಒಬ್ಬ ಗುಮಾಸ್ತ ಇದ್ದ. ಬಂದುಹೋಗುವ ಹಡಗುಗಳನ್ನು ಬರೆದುಕೊಳ್ಳುವುದು ಅವನ ಕೆಲಸ. ಗಾಸ್ಪರೆ ಅವನ ಹೆಸರು. ಊರು ಅವನನ್ನು ಕರೆದದ್ದು ಕೆಂಪುಗಡ್ಡ ಎಂದೇ. ಬಂದ ವರ್ಷವೇ ಜ್ವರ ಹತ್ತಿ ಒಣ ಮೀನಿನ ಹಾಗೆ ಮಲಗಿದ್ದ. ನಾನೇ ಒಂಟೆ ಹಾಲಿಗೆ ಶುಂಠಿ ಹಾಕಿ ಚಮಚದಲ್ಲಿ ಕುಡಿಸಿದ್ದೆ. ಆಮೇಲೆ ನಮ್ಮ ಭಾಷೆ ಕಲಿತ, ಬೈಗುಳದಿಂದ ಶುರುಮಾಡಿ. ನನ್ನ ಮಗಳು ಶಕ್ಲನ್ ನಡೆಯಲು ಕಲಿತದ್ದು ಅವನ ಮಾಳಿಗೆಯ ಮೆಟ್ಟಿಲು ಹಿಡಿದು.

ಕಾಗದಕ್ಕೆ ಉತ್ತರ ಕೊಡಲು ಸುಲ್ತಾನರು ಅಬ್ಬಾನರನ್ನೆಲ್ಲ ಕೋಟೆಗೆ ಕರೆಸಿದರು. ಕೋಟೆ ಎರಡು ದಿನದ ದಾರಿ. ಸಮತರ್ ಹೊರಟ.

"ಎಷ್ಟು ದಿನ ಆಗುತ್ತೋ ಗೊತ್ತಿಲ್ಲ ಕಣೇ," ಎಂದ, ನೀರಿನ ಚೀಲ ಕಟ್ಟುತ್ತ. "ನಾನಿಲ್ಲದಾಗ ಕಾವಲು ನಿಂದು. ಮಾಳಿಗೆ ಮೇಲಿರೋನು ಸಂಜೆ ಹೊತ್ತು ಎಲ್ಲೆಲ್ಲೋ ತಿರುಗ್ತಾನೆ, ಈಗ ಬೇಡ ಅನ್ನು."

"ಅವನು ನನ್ನ ಮಾತು ಕೇಳ್ತಾನಾ?"

"ನೀನು ಬೈದ್ರೆ ಕೇಳ್ತಾನೆ. ನಾನು ಕೇಳಲ್ವಾ?"

ಅವನು ಹೋದ ಐದನೆಯ ದಿನ ಬೆಳಗ್ಗೆ ಹಡಗು ಕಂಡಿತು. ಅಕ್ಕಿಯ ಹಡಗು ಅಲ್ಲ. ಬೂದಿ ಬಣ್ಣದ್ದು, ಉದ್ದ, ಎರಡು ಕಡೆ ತೋಪು. ದೂರದಲ್ಲೇ ಲಂಗರು ಹಾಕಿ ಸುಮ್ಮನೆ ನಿಂತಿತು. ಒಂದು ದೋಣಿ ಇಳಿಸಲಿಲ್ಲ, ಒಂದು ಬಾವುಟ ಬೀಸಲಿಲ್ಲ. ಕೂಗಾಡುವ ಶತ್ರುವಾದರೆ ಊರು ಎದುರು ಕೂಗುತ್ತಿತ್ತು. ಇದು ಬರೀ ನೋಡುತ್ತ ನಿಂತಿತ್ತು. ಊರಿಗೆ ತಡೆಯಲಾಗಲಿಲ್ಲ. ಕೆಲವರು ಮೇಕೆಗಳನ್ನು ಗುಡ್ಡಕ್ಕೆ ಹೊಡೆದರು, ಮಧ್ಯಾಹ್ನ ಹಿಂದಕ್ಕೆ ಹೊಡೆದುಕೊಂಡು ಬಂದರು. ನಾನು ರೊಟ್ಟಿ ಒಲೆಗೆ ಹಾಕಿ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಸೀದವು.

ಕೆಂಪುಗಡ್ಡ ಮಾಳಿಗೆ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಅವನ ಹೆಜ್ಜೆ ಇಡೀ ದಿನ ನನ್ನ ತಲೆಯ ಮೇಲೆಯೇ. ಊಟ ಕೊಟ್ಟು ಕಳಿಸಿದರೆ ತಟ್ಟೆ ಹಾಗೇ ಇಳಿದುಬಂತು.

"ಅಮ್ಮ, ಅವನು ಅಳ್ತಿದ್ದಾನಾ?" ಎಂದಳು ಶಕ್ಲನ್. ಅವಳಿಗೆ ಆಗ ಎಂಟು.

"ಇಲ್ಲ ಕಂದ. ಲೆಕ್ಕ ಹಾಕ್ತಿರಬೇಕು."

ಎರಡನೆಯ ದಿನ ಮಧ್ಯಾಹ್ನ ನನ್ನ ತಮ್ಮ ಕೋಶಿನ್ ಆರು ಜನರನ್ನು ಕರೆದುಕೊಂಡು ಬಂದ. ಬಂದರಿನಲ್ಲಿ ಸುಲ್ತಾನರ ಬಂದೂಕಿನವರಿಗೆ ಅವನೇ ಮುಖ್ಯಸ್ಥ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ನಾನು ಮೇಕೆ ಕಾಯ್ದವಳು. ಹೊಸ್ತಿಲಲ್ಲೇ ನಿಂತ.

"ಅಕ್ಕ, ಅವನನ್ನ ಕೆಳಗೆ ಕರಿ."

"ಯಾಕೆ?"

"ನಮ್ಮ ಜತೆ ಬರಲಿ. ಬಾವಿ ಹತ್ರದ ಕಲ್ಲುಮನೇಲಿ ಇಡ್ತೀವಿ."

"ಇಡೋಕೆ ಅವನೇನು ಉಪ್ಪಿನ ಮೂಟೆನಾ? ಅವನು ಸಮತರನ ಕಾವಲಲ್ಲಿದ್ದಾನೆ."

"ಸಮತರ್ ಬಾವ ಇಲ್ಲ."

"ನಾನಿದ್ದೀನಿ."

ಹಿಂದಿದ್ದ ಒಬ್ಬ, ಉದ್ದ ಕುತ್ತಿಗೆಯವನು, ನಕ್ಕ. "ಬಂದೂಕಿಲ್ಲದ ಅಬ್ಬಾನ್! ಸೌಟು ತೋರಿಸಿ ಹೆದರಿಸ್ತಾಳೆ, ಹುಷಾರು."

"ನಿನ್ನಮ್ಮನ ಸೌಟಿಗೆ ನೀನು ಹೆದರಿದ್ದಿದ್ರೆ ಇಷ್ಟು ಮೂರ್ಖ ಆಗ್ತಿರಲಿಲ್ಲ," ಎಂದೆ. ಉಳಿದ ಐವರೂ ನಕ್ಕುಬಿಟ್ಟರು. ಕೋಶಿನ್ ನಗಲಿಲ್ಲ.

"ಅಕ್ಕ, ನೋಡಿಲ್ಲಿ. ಆ ಹಡಗು ಎರಡು ದಿನದಿಂದ ಯಾಕೆ ಸುಮ್ಮನಿದೆ? ಅವರ ಮನುಷ್ಯ ಒಬ್ಬ ನಮ್ಮ ಹತ್ರ ಇದ್ದಾನೆ, ಅದಕ್ಕೆ. ಇವನು ಇಲ್ಲಿರೋವರೆಗೂ ಅವರು ತೋಪು ಹಾರಿಸಲ್ಲ. ನಾನು ಅವನ್ನ ಕೊಲ್ಲಕ್ಕೆ ಬಂದಿಲ್ಲ. ಹಿಡಿದಿಟ್ಕೋಬೇಕು, ಅಷ್ಟೆ."

"ಹಿಡಿದಿಟ್ಟ ಮೇಲೆ ಅವನು ಕಾವಲಲ್ಲಿರೋನಾ, ಸೆರೆಯಲ್ಲಿರೋನಾ?"

ಅವನು ಒಳಗಿಡಲು ಕಾಲೆತ್ತಿದ. ನಾನು ತಲೆಯ ಮೇಲಿನ ಕಪ್ಪು ಬಟ್ಟೆ ತೆಗೆದು ಹೊಸ್ತಿಲಿಗೆ ಅಡ್ಡ ಹಾಸಿದೆ. ಮದುವೆಯಾದ ಹೆಂಗಸು ತಲೆ ಬಿಚ್ಚಿ ನಿಂತರೆ ಗಂಡಸರ ಜಗಳವೇ ನಿಲ್ಲುತ್ತದೆ. ಆ ಬಟ್ಟೆ ದಾಟಿದವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಯಾರ ಬಾವಿಯಲ್ಲೂ ಮೊದಲು ನೀರು ಸಿಗುವುದಿಲ್ಲ. ಕೋಶಿನ್ ಎತ್ತಿದ ಕಾಲು ಹಿಂದಕ್ಕೆ ತೆಗೆದ. ಉಳಿದವರು ಬೇರೆ ಕಡೆ ಮುಖ ತಿರುಗಿಸಿದರು.

"ಸರಿ," ಎಂದ, ನನ್ನ ಕಡೆ ನೋಡದೆ. "ತಲೆ ಮುಚ್ಕೋ. ಮುಟ್ಟಲ್ಲ ಅವನ್ನ. ಆದ್ರೆ ಹೊರಗೆ ಬಿಡಬೇಡ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ, ಬಿಡಬೇಡ."

ಅವರು ಹೋದ ಮೇಲೆ ಎರಡು ಸಲ ಕಟ್ಟಿದರೂ ಬಟ್ಟೆಯ ಗಂಟು ಕೂರಲಿಲ್ಲ. ಶಕ್ಲನ್ ಬಂದು ಕಟ್ಟಿದಳು. ಕೆಂಪುಗಡ್ಡ ಮೆಟ್ಟಿಲ ಅರ್ಧದಲ್ಲಿ ಕೂತಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು.

"ಬೈದನ್, ನನ್ನನ್ನ ಹಡಗಿಗೆ ಕಳಿಸಿಕೊಡು," ಎಂದ.

"ನನ್ನ ಗಂಡ ಬರಲಿ."

"ಅಷ್ಟು ಹೊತ್ತು ಹಡಗು ಕಾಯಲ್ಲ. ನಾನು ಹೋಗಿ ಅವರ ಜತೆ ಮಾತಾಡ್ತೀನಿ. ಇಲ್ಲಿ ಮಕ್ಕಳಿದಾರೆ, ಬಾವಿ ಇದೆ, ಮಸೀದಿ ಇದೆ, ಇವರು ನನಗೆ ಹನ್ನೊಂದು ವರ್ಷ ಅನ್ನ ಹಾಕಿದಾರೆ ಅಂತ ಹೇಳ್ತೀನಿ."

"ಹೇಳ್ತೀಯಾ?"

"ಹೇಳ್ತೀನಿ."

ಇಲ್ಲಿ ಒಂದು ವಿಷಯ ಇದೆ. ಕಾವಲಿನಲ್ಲಿರುವವನು 'ಹೋಗುತ್ತೇನೆ' ಎಂದರೆ ತಡೆಯುವ ಹಾಗಿಲ್ಲ. ಊರಿನ ಗಡಿ ದಾಟಿಸಿ, ಅವನ ಜನರ ಕೈಗೆ ಕೊಟ್ಟು, ಮೈಮೇಲೆ ಒಂದು ಗೀರೂ ಇಲ್ಲ ಎಂದು ತೋರಿಸಿ ಬರಬೇಕು. ತಡೆದರೆ ಆ ಮನೆಯ ಕಾವಲಿಗೆ ಮುಂದೆ ಯಾರೂ ಬರುವುದಿಲ್ಲ. ಇನ್ನೊಂದು ಕಡೆ, ಕಾವಲಿನಲ್ಲಿದ್ದವನು ತನ್ನನ್ನು ಕಾಯ್ದವರ ಪರವಾಗಿ ಬಾಯಿ ತೆರೆಯಲೇಬೇಕು. ಹಾಗೆ ತೆರೆಯದವನನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ತಮ್ಮ ಹೇಳಿದ ಮಾತು ಒಂದು ಕಿವಿಯಲ್ಲಿ, ಇದು ಇನ್ನೊಂದು ಕಿವಿಯಲ್ಲಿ. ನಾನು ಒಲೆ ಹೊತ್ತಿಸಿದೆ, ಆರಿಸಿದೆ. ಹಾಲು ಕೆಡದಿರಲಿ ಎಂದು ಪಾತ್ರೆಗೆ ಹೊಗೆ ಹಾಕಿದ್ದನ್ನು ಮರೆತು ಮತ್ತೆ ಹಾಕಿದೆ. ಕೊನೆಗೆ ಬರ್ನಿಯ ಮನೆಗೆ ಓಡಿದೆ.

"ನೀನೇನು ಮಾಡ್ತಿದ್ದೆ ಹೇಳು."

ಬರ್ನಿ ಜೋಳ ಕುಟ್ಟುತ್ತಿದ್ದವಳು ಒನಕೆ ಹಿಡಿದೇ ಯೋಚಿಸಿದಳು. "ಕೋಶಿನ್ ಹೇಳೋದ್ರಲ್ಲಿ ಅರ್ಥ ಇದೆ ಕಣೇ. ಆದ್ರೆ ಆ ಕೆಂಪುಗಡ್ಡನಿಗೆ ನೀನು ಚಮಚದಲ್ಲಿ ಹಾಲು ಕುಡಿಸಿದೀಯ. ಅಷ್ಟು ಕುಡಿದೋನು ಅಲ್ಲಿ ಹೋಗಿ ಒಂದು ಮಾತು ಆಡಲ್ವಾ? ನಡಿ, ನಾನೂ ಬರ್ತೀನಿ. ಒಬ್ಬಳೇ ಹೋದ್ರೆ ಆ ಉದ್ದ ಕುತ್ತಿಗೆಯವನು ಮತ್ತೆ ಸೌಟಿನ ಮಾತು ತೆಗೀತಾನೆ."

ಮರುದಿನ ಬೆಳಗ್ಗೆ ಬಿಸಿಲು ಏರುವ ಮೊದಲು ನಾನು ಮುಂದೆ, ಕೆಂಪುಗಡ್ಡ ನಡುವೆ, ಬರ್ನಿ ಹಿಂದೆ ನಡೆದೆವು. ಅಬ್ಬಾನ್ ಆದವನು ಮುಂದೆ ನಡೆಯಬೇಕು, ಕದ್ದು ಹೋಗುವ ಹಾಗಿಲ್ಲ. ಊರಿನ ದೊಡ್ಡ ಬೀದಿಯಲ್ಲೇ ಹೋದೆವು. ದಡದಲ್ಲಿ ಕೋಶಿನ್‌ನ ಜನ ಸಾಲಾಗಿ ನಿಂತಿದ್ದರು. ನಾನು ತಮ್ಮನ ಪಕ್ಕದಲ್ಲೇ ಹಾದುಹೋದೆ. ಅವನು ಬಂದೂಕು ಎತ್ತಲಿಲ್ಲ. "ಅಕ್ಕ," ಎಂದ, ಅಷ್ಟೆ. ಚಿಕ್ಕವನಿದ್ದಾಗ ಮುಳ್ಳು ಚುಚ್ಚಿದರೆ ಹಾಗೆ ಕರೆಯುತ್ತಿದ್ದ.

ಮೀನುಗಾರ ಗೂಲೆದ್ ತನ್ನ ದೋಣಿಗೆ ಬಿಳಿ ಬಟ್ಟೆ ಕಟ್ಟಿ ಅವನನ್ನು ಕರೆದೊಯ್ದ. ದೋಣಿ ಹಡಗಿನ ಪಕ್ಕ ಸೇರುವವರೆಗೆ ನಾವು ನೀರಿನಲ್ಲಿ ಮೊಣಕಾಲವರೆಗೆ ನಿಂತು ನೋಡಿದೆವು. ಗೂಲೆದ್ ನಗುತ್ತ ಹಿಂದಿರುಗಿದ. ಕೆಂಪುಗಡ್ಡ ಶಕ್ಲನ್‌ಗೆ ಎಂದು ಒಂದು ಡಬ್ಬಿ ಬಿಸ್ಕತ್ತು ಕೊಟ್ಟು ಕಳಿಸಿದ್ದ.

"ಹತ್ತಿಸ್ಕೊಂಡ್ರು, ಕೈ ಕುಲುಕಿದ್ರು, ದೊಡ್ಡ ಟೊಪ್ಪಿಯೋನು ಅವನ ಬೆನ್ನು ತಟ್ಟಿದ," ಎಂದ ಗೂಲೆದ್. "ಏನೋ ಹೇಳ್ತಾನೇ ಇದ್ದ ನಮ್ಮ ಕೆಂಪುಗಡ್ಡ, ಕೈ ಆಡಿಸಿ ಆಡಿಸಿ."

"ನೋಡಿದ್ಯಾ!" ಎಂದಳು ಬರ್ನಿ ನನ್ನ ಭುಜ ಅಲುಗಿಸಿ. "ಹಾಲಿನ ಋಣ. ನಾನು ಮಂಡಿಗೆ ಹೋಗ್ತೀನಿ, ನಿನ್ನೆಯ ಅಂಟು ಹಾಗೇ ಹರಡಿದೆ. ನೀನು ಮಗೂಗೆ ತಿನ್ನಿಸಿ ಬಾ."

ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಗ ಮೊದಲನೆಯದು ಬಿತ್ತು. ಗುಡುಗು ಎಂದುಕೊಂಡೆ. ಎರಡನೆಯದು ಬಿದ್ದಾಗ ಗೋಡೆಯ ಸುಣ್ಣ ಉದುರಿತು. ಶಕ್ಲನ್‌ಳನ್ನು ಮೈಯಡಿ ಹಾಕಿಕೊಂಡು ನೆಲಕ್ಕೆ ಒರಗಿದೆ. ಎಷ್ಟು ಬಿದ್ದವೋ ತಿಳಿಯದು. ಮಗಳು ಎಣಿಸುತ್ತಿದ್ದಳು, ಇಪ್ಪತ್ತರ ಆಚೆ ಅವಳಿಗೆ ಎಣಿಕೆ ಬರುತ್ತಿರಲಿಲ್ಲ, ಮತ್ತೆ ಒಂದರಿಂದ ಶುರುಮಾಡಿದಳು.

ತೋಪು ನಿಂತಾಗ ಊರೆಲ್ಲ ಲೋಬಾನದ ವಾಸನೆ. ಮದುವೆ ಮನೆಗಿಂತ ಹೆಚ್ಚು, ಹಬ್ಬದ ಮಸೀದಿಗಿಂತ ಹೆಚ್ಚು. ಮಂಡಿ ಉರಿಯುತ್ತಿತ್ತು. ವರ್ಷದ ಬೆಳೆಯೆಲ್ಲ ಒಟ್ಟಿಗೆ ಉರಿಯಿತು. ಮೂರು ದಿನ ಆ ಹೊಗೆ ಊರು ಬಿಡಲಿಲ್ಲ. ಏಳು ಜನ ಹೋದರು: ಬಾವಿಯ ಹತ್ತಿರ ನಾಲ್ವರು ಗಂಡಸರು, ಒಬ್ಬ ಮುದುಕ, ಮಸೀದಿಯ ಮೆಟ್ಟಿಲಲ್ಲಿ ಕುರಾನ್ ಓದುತ್ತಿದ್ದ ಒಬ್ಬ, ಮಂಡಿಯಲ್ಲಿ ಬರ್ನಿ.

ಬರ್ನಿಯನ್ನು ತೊಳೆಯುವ ಹೆಂಗಸರ ಜತೆ ನಾನೂ ಹೋದೆ. ಅವಳ ಅತ್ತೆ ನನ್ನ ಕೈಯಿಂದ ನೀರಿನ ಪಾತ್ರೆ ತೆಗೆದುಕೊಂಡಳು. ಬೈಯಲಿಲ್ಲ. ಪಾತ್ರೆ ತೆಗೆದುಕೊಂಡು ಪಕ್ಕದವಳಿಗೆ ಕೊಟ್ಟಳು.

ನಾಲ್ಕನೆಯ ದಿನ ಸಮತರ್ ಬಂದ, ಒಂಟೆ ಇಲ್ಲದೆ, ಕಾಲು ಊದಿಕೊಂಡು. ಕೋಟೆಗೂ ತೋಪು ಬಿದ್ದಿತ್ತು. ಗೋಡೆ ಒಂದು ಹಗಲಿನಲ್ಲಿ ಕುಸಿಯಿತಂತೆ. ಸುಲ್ತಾನರು ಉಳಿದ ಬಂದೂಕಿನವರೊಂದಿಗೆ ಗುಡ್ಡ ಸೇರಿದ್ದರು. ಬಾವುಟ ಯಾರ ಕೈಯಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇಷ್ಟನ್ನೂ ಅವನು ನಿಂತೇ ಹೇಳಿದ. ಆಮೇಲೆ ಕೇಳಿದ:

"ಅವನು?"

"ಕಳಿಸಿಕೊಟ್ಟೆ. ಕೇಳಿದ, ಕಳಿಸಿದೆ. ಮೈಮೇಲೆ ಗೀರಿಲ್ಲದೆ."

ಸಮತರ್ ಊದಿದ ಕಾಲು ಚಾಚಿ ಕೂತ. "ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ," ಎಂದ. ಹಾಗೆ ಹೇಳಿದ್ದಕ್ಕೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಬರ್ನಿಯ ಜಾಗ ಖಾಲಿಯೇ ಇತ್ತು.

ಊರು ಎರಡಾಯಿತು. ನಾನು ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. "ಬಿಸ್ಕತ್ತಿಗೆ ಊರು ಮಾರಿದಳು" ಎಂದು ಒಬ್ಬಳು ಬೆನ್ನ ಹಿಂದೆ ಅಂದಳು. ಡಬ್ಬಿಯನ್ನು ನಾನು ಆ ದಿನವೇ ಕಡಲಿಗೆ ಎಸೆದದ್ದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಸಮತರನೇ ಹಿರಿಯರನ್ನು ಜಾಲಿಮರದ ಕೆಳಗೆ ಸೇರಿಸಿದ. "ನನ್ನ ಮನೆಯ ಕಾವಲು ಸರಿಯೋ ತಪ್ಪೋ, ಹೇಳಿ," ಎಂದ.

ಹಿರಿಯರು ಎರಡು ದಿನ ಮಾತಾಡಿದರು. ಕೋಶಿನ್ ಬಂದು ತಾನು ಹೇಳಿದ್ದನ್ನೆಲ್ಲ ಹೇಳಿದ. ನನ್ನನ್ನು ಕೇಳಿದರು, ನಾನೂ ಹೇಳಿದೆ. ಕೊನೆಗೆ ಎಲ್ಲರಿಗಿಂತ ಹಿರಿಯ ಇರ್ಸಿ ಅಜ್ಜ ಕೋಲು ನೆಲಕ್ಕೂರಿ ತೀರ್ಪು ಹೇಳಿದ:

"ಈ ಹುಡುಗಿ ಮಾಡಿದ್ದು ಸರಿ. ಅಬ್ಬಾನ್ ಆಗಿದ್ದ ಅವಳ ಮಾವ ಇದ್ದಿದ್ರೂ ಅದೇ ಮಾಡ್ತಿದ್ದ. ಕೋಶಿನ್ ಹೇಳಿದ್ದು ನಿಜ ಆಯ್ತು, ಆದ್ರೆ ನಿಜ ಆದ ಮಾತ್ರಕ್ಕೆ ಸರಿ ಆಗಲ್ಲ. ತಪ್ಪು ಕಾವಲಲ್ಲಿದ್ದೋನದು. ಕಾಯ್ದವರ ಮೇಲೆ ಅವನ ಜನ ಕೈ ಮಾಡಿದ್ದಾರೆ. ಒಬ್ಬ ಗಂಡಸಿಗೆ ನೂರು ಒಂಟೆ, ಹೆಂಗಸಿಗೆ ಐವತ್ತು. ಆರುನೂರ ಐವತ್ತು ಒಂಟೆ. ಅವನ ಹತ್ರ ಹೋಗಿ ಕೇಳಿ. ಕೊಟ್ರೆ ಆಯ್ತು. ಕೊಡದಿದ್ರೆ ಏನು ಮಾಡಬೇಕು ಅಂತ ಅಬ್ಬಾನ್‌ಗೆ ಗೊತ್ತು."

ಈಗ ಇದನ್ನು ಕೇಳಿದವರು ನಗಬಹುದು. ತೋಪಿನ ಹಡಗಿಗೆ ಒಂಟೆಯ ದಂಡ! ಆ ದಿನ ಯಾರೂ ನಗಲಿಲ್ಲ. ನಮಗೆ ಗೊತ್ತಿದ್ದ ನ್ಯಾಯ ಅದೊಂದೇ, ಅದನ್ನು ಹಿಡಿದುಕೊಂಡು ಹೊರಟೆವು.

ಅಷ್ಟರಲ್ಲಿ ಇಟಲಿಯವರು ದಡಕ್ಕಿಳಿದು ಸುಂಕದ ಕಟ್ಟೆಯಲ್ಲಿ ಠಾಣೆ ಹಾಕಿದ್ದರು. ಅವರ ಕೂಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ಬಂದೂಕು ಹುಡುಕುತ್ತಿದ್ದರು, ಚಾಪೆ ಹರಿಯುತ್ತಿದ್ದರು, ತುಪ್ಪದ ಮಡಕೆಗೆ ಕೋವಿಯ ತುದಿ ಅದ್ದಿ ನೋಡುತ್ತಿದ್ದರು. ಮೇಲಿನ ಅಧಿಕಾರಿ ಬೇರೆ ಯಾರೋ. ಆದರೆ ಊರು ಬಲ್ಲವನು ಎಂದು ಕುರ್ಚಿಯ ಮೇಲೆ ಕೂರಿಸಿದ್ದದ್ದು ನಮ್ಮ ಕೆಂಪುಗಡ್ಡನನ್ನು. ಗಡ್ಡ ಕತ್ತರಿಸಿ ಸಣ್ಣದು ಮಾಡಿದ್ದ. ಮೈಮೇಲೆ ಗುಂಡಿಯ ಅಂಗಿ.

ಸಮತರ್, ನಾನು, ಇರ್ಸಿ ಅಜ್ಜ, ಸಾಕ್ಷಿಗೆ ಇನ್ನಿಬ್ಬರು. ಹೆಂಗಸು ಇಂಥ ಕೆಲಸಕ್ಕೆ ಹೋಗುವುದಿಲ್ಲ, ಆದರೆ ಅವನನ್ನು ಕೈಯಿಂದ ಕೈಗೆ ಕೊಟ್ಟವಳು ನಾನು. ನಮ್ಮನ್ನು ಕಂಡು ಕೆಂಪುಗಡ್ಡ ಎದ್ದು ನಿಂತ. ಅವನ ಕಣ್ಣಿನಲ್ಲಿ ನೀರಿತ್ತು. ಅದು ಸುಳ್ಳಲ್ಲ, ನನಗೆ ಅವನ ಕಣ್ಣು ಗೊತ್ತು.

"ಬೈದನ್, ನಾನು ಹೇಳಿದೆ," ಎಂದ ಮೊದಲೇ. "ದೇವರಾಣೆ ಹೇಳಿದೆ. ಅವರು ಕೇಳಲಿಲ್ಲ. ನಾನು ಚಿಕ್ಕ ಮನುಷ್ಯ, ನನ್ನ ಮಾತಿಗೆ ಅಲ್ಲಿ ಬೆಲೆ ಇಲ್ಲ."

"ಚಿಕ್ಕ ಮನುಷ್ಯನಾಗೇ ಬಂದಿದ್ದೆ," ಎಂದೆ. "ಇಲ್ಲಿ ನಿನ್ನ ಮಾತಿಗೆ ಹನ್ನೊಂದು ವರ್ಷ ಬೆಲೆ ಇತ್ತು."

ಇರ್ಸಿ ಅಜ್ಜ ಸತ್ತವರ ಹೆಸರು ಒಬ್ಬೊಬ್ಬರದಾಗಿ ಹೇಳಿ, ಆರುನೂರ ಐವತ್ತು ಒಂಟೆ ಎಂದ. ಪಕ್ಕದಲ್ಲಿದ್ದ ಇಟಲಿಯ ಹುಡುಗ ಅಧಿಕಾರಿಗೆ ಕೆಂಪುಗಡ್ಡ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಆ ಹುಡುಗ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ಕೆಂಪುಗಡ್ಡ ನಗಲಿಲ್ಲ.

"ಸಮತರ್," ಎಂದ, "ಒಂಟೆ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರೋದು ಇದು." ಮೇಜಿನಿಂದ ಒಂದು ಕಾಗದ ತೆಗೆದ, ಕೆಳಗೆ ದುಂಡು ಮುದ್ರೆ ಇತ್ತು. "ಇದನ್ನ ಬಾಗಿಲಿಗೆ ಅಂಟಿಸು. ನಿಮ್ಮ ಮನೆಗೆ ಯಾವ ಸಿಪಾಯಿಯೂ ಕಾಲಿಡಲ್ಲ. ನಿನ್ನ ಬಂದೂಕು ನಿನಗೇ ಇರಲಿ. ಮೂರು ಮೂಟೆ ಅಕ್ಕಿ ಕೊಡಿಸ್ತೀನಿ. ನೀವು ನನ್ನ ಜೀವ ಉಳಿಸಿದ್ರಿ. ಇವತ್ತಿಂದ ನೀವು ನನ್ನ ಕಾವಲಲ್ಲಿದ್ದೀರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ನನಗೆ ಎದೆಯಲ್ಲಿ ಉರಿ ಬಿದ್ದದ್ದು.

ಸಮತರ್ ಕಾಗದವನ್ನೇ ನೋಡುತ್ತಿದ್ದ. ಅವನ ಮನಸ್ಸು ಓಡುತ್ತಿದ್ದ ದಾರಿ ನನಗೆ ಕಾಣುತ್ತಿತ್ತು: ಶಕ್ಲನ್, ಬರುವ ಬೇಸಿಗೆ, ಖಾಲಿ ಮಂಡಿ, ಮನೆಯೊಳಗೆ ಕಾಲಿಡದ ಸಿಪಾಯಿ. ಬೈಯಲಾರೆ ಅವನನ್ನು. ನನಗೂ ಅದೇ ದಾರಿ ಕಂಡಿತ್ತು. ಆದರೆ ಅಕ್ಕಿ ಕೈಗೆ ತೆಗೆದುಕೊಂಡರೆ ಏಳು ಜನರ ಲೆಕ್ಕ ಅಲ್ಲಿಗೆ ಮುಗಿದ ಹಾಗೆ. ಬರ್ನಿಯ ಅತ್ತೆಗೆ ಮುಂದೆ ಯಾರೂ ಏನೂ ಕೊಡಬೇಕಾಗಿಲ್ಲ. ಅವನು ಕೈ ಎತ್ತುವ ಮೊದಲೇ ನಾನು ಮುಂದೆ ಬಂದೆ.

"ಶಕ್ಲನ್ ಅಪ್ಪ, ಇವನನ್ನ ಕೊನೆಯಲ್ಲಿ ಕಾಯ್ದವಳು ನಾನು. ನಾನೇ ಹೇಳಲಾ?"

ಸಮತರ್ ನನ್ನ ಮುಖ ನೋಡಿದ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಹೇಳು," ಎಂದ.

ನನ್ನ ಧ್ವನಿ ಗಟ್ಟಿಯಾಗಿ ಬರಲಿಲ್ಲ. ಮಗುವನ್ನು ಮಲಗಿಸುವಾಗಿನ ಧ್ವನಿಯಲ್ಲೇ ಹೇಳಿದೆ.

"ಗಾಸ್ಪರೆ, ನಿನ್ನ ಅಪ್ಪನ ಹೆಸರು ನಂಗೆ ಗೊತ್ತಿಲ್ಲ, ನಿನ್ನ ಹೆಸರು ಗೊತ್ತು. ಸಮತರನ ಮನೆ ನಿನ್ನನ್ನ ಹನ್ನೊಂದು ವರ್ಷ ಕಾಯ್ತು. ಜ್ವರದಿಂದ ಕಾಯ್ತು, ಕೋವಿಯಿಂದ ಕಾಯ್ತು, ನನ್ನ ತಮ್ಮನಿಂದ ಕಾಯ್ತು. ಇವತ್ತು ಈ ಸಾಕ್ಷಿಗಳ ಮುಂದೆ ನಿನ್ನನ್ನ ನಮ್ಮ ಕಾವಲಿಂದ ಬಿಟ್ಟಿದ್ದೀವಿ. ನಿನ್ನ ರಕ್ತ ಯಾರು ಚೆಲ್ಲಿದ್ರೂ ನಮ್ಮ ಮನೆ ಯಾಕೆ ಅಂತ ಕೇಳಲ್ಲ."

ಹುಡುಗ ಅಧಿಕಾರಿ 'ಏನಂತೆ' ಎನ್ನುವ ಹಾಗೆ ಕೆಂಪುಗಡ್ಡನ ಕಡೆ ತಿರುಗಿದ. ಕೆಂಪುಗಡ್ಡ ಅವನಿಗೆ ಏನೂ ಹೇಳಲಿಲ್ಲ. ಅವನ ತುಟಿಯ ಬಣ್ಣ ಹೋಗಿತ್ತು. ಕುರ್ಚಿಯ ಬೆನ್ನು ಹಿಡಿದುಕೊಂಡ.

"ಬೇಡ ಬೈದನ್," ಎಂದ ಮೆಲ್ಲಗೆ. "ಹಾಗೆ ಹೇಳಬೇಡ."

"ಹೇಳಿಯಾಯ್ತು," ಎಂದ ಇರ್ಸಿ ಅಜ್ಜ. ಕೋಲು ಕುಟ್ಟಿ ಹೊರಗೆ ನಡೆದ. ನಾವೂ ಹಿಂದೆಯೇ ಬಂದೆವು. ಕಾಗದ ಮೇಜಿನ ಮೇಲೇ ಉಳಿಯಿತು.

ಊರಿಗೆ ಮಾತು ಮುಟ್ಟಲು ಒಂದು ಗಂಟೆಯೂ ಬೇಕಾಗಲಿಲ್ಲ. ಬರ್ನಿಯ ಅತ್ತೆ ಬಂದು ನಾವು ಕಟ್ಟುತ್ತಿದ್ದ ಗಂಟಿಗೆ ಒಂದು ಚೀಲ ಖರ್ಜೂರ ಸೇರಿಸಿದಳು. ಇನ್ನು ಆ ಮನೆಯಲ್ಲಿ ಇರುವ ಹಾಗಿರಲಿಲ್ಲ. ಸಿಪಾಯಿಗಳು ಸಂಜೆಯೊಳಗೆ ಬಂದೇ ಬರುತ್ತಿದ್ದರು. ಇಟಲಿಯವರು ಇಳಿದಾಗಲೇ ಗುಡ್ಡ ಸೇರಿದ್ದ ಕೋಶಿನ್ ಅಲ್ಲಿಂದ ಒಂದು ಒಂಟೆ ಕಳಿಸಿದ್ದ, ಕಳಿಸಿದವನು ಯಾರೆಂದು ಹೇಳದೆ. ಅದರ ಹಗ್ಗದ ಗಂಟು ನಾನೇ ಅವನಿಗೆ ಕಲಿಸಿದ್ದು.

ಮಧ್ಯಾಹ್ನದ ಬಿಸಿಲಿನಲ್ಲೇ ಗುಡ್ಡದ ಕಡೆ ಹೊರಟೆವು. ಚಾಪೆ, ಹಾಲಿನ ಪಾತ್ರೆ, ನೀರಿನ ಚೀಲ, ಚಾಪೆಯೊಳಗೆ ಸುತ್ತಿದ ಬಂದೂಕು. ಸುಂಕದ ಕಟ್ಟೆಯ ಬಾಗಿಲು ತೆರೆಯಿತು. ಕೆಂಪುಗಡ್ಡ ಹೊರಗೆ ಬಂದ. ಎಡಕ್ಕೆ ಇಬ್ಬರು ಸಿಪಾಯಿ, ಬಲಕ್ಕೆ ಇಬ್ಬರು. ಅವನು ಗುಡ್ಡದ ಕಡೆ ನೋಡಿದ, ಮಾಳಿಗೆಗಳ ಕಡೆ ನೋಡಿದ, ಆಮೇಲೆ ನಮ್ಮ ಕಡೆ. ಒಂದು ಹೆಜ್ಜೆ ಇಟ್ಟ, ನಿಂತ, ಮತ್ತೆ ಒಳಗೆ ಹೋದ. ಬಾಗಿಲು ಹಾಕಿಕೊಂಡಿತು.

ಅಭ್ಯಾಸಬಲದಿಂದ ಅವನತ್ತ ಕೈ ಎತ್ತಿದ್ದ ಶಕ್ಲನ್ ಕೈ ಇಳಿಸಿದಳು.

"ಅವನನ್ನ ಸಾಯಿಸಿಬಿಡ್ತಾರಾ ಅಮ್ಮ?"

"ಗೊತ್ತಿಲ್ಲ ಕಂದ."

"ಕೋಶಿನ್ ಮಾವ ಸಾಯಿಸ್ತಾನಾ?"

ನಾನು ಅವಳನ್ನು ಎತ್ತಿ ಒಂಟೆಯ ಮೇಲೆ ಚಾಪೆಗಳ ನಡುವೆ ಕೂರಿಸಿದೆ. ಬಿಸಿಲಿಗೆ ತಲೆಯ ಬಟ್ಟೆ ಮುಂದಕ್ಕೆಳೆದೆ. "ಗಟ್ಟಿಯಾಗಿ ಹಿಡ್ಕೋ," ಎಂದೆ. ಸಮತರ್ ಹಗ್ಗ ಎಳೆದ. ಒಂಟೆ ಗೊಣಗಿ ಹೆಜ್ಜೆ ಹಾಕಿತು.